ರಘುವಿನ ತಲೆಯೊಳಗೆ ಏನಿತ್ತು

ನನ್ನ ಮಗನಿಗೆ ಎರಡು ಕಾಯಿಲೆ ಇದ್ದವು. ಒಂದರ ಹೆಸರು ಅವನು ಬದುಕಿದ್ದಾಗ ತಿಳಿಯಿತು. ಇನ್ನೊಂದರ ಹೆಸರು ತಿಳಿದದ್ದು ಅವನನ್ನು ಬೆಂಕಿಗೆ ಕೊಟ್ಟು ತಿಂಗಳುಗಳಾದ ಮೇಲೆ. ಮೊದಲನೆಯದನ್ನು ಕೇಳಿದವರು ಅಯ್ಯೋ ಪಾಪ ಅಂದರು. ಎರಡನೆಯದನ್ನು ಯಾರಿಗೂ ಹೇಳಬೇಡಿ ಅಂದವರಿದ್ದಾರೆ, ಎಲ್ಲರಿಗೂ ಸಾರಿ ಹೇಳಿ ಅಂದವರೂ ಇದ್ದಾರೆ. ನಾನು ನನಗೆ ತಿಳಿದ ಹಾಗೆ ಬರೆಯುತ್ತಿದ್ದೇನೆ. ಆಸ್ಪತ್ರೆಯ ಕಾಯುವ ಕೋಣೆಗಳಲ್ಲಿ ಕುಳಿತಾಗ, ಈ ದಾರಿಯಲ್ಲಿ ಮೊದಲೇ ಹೋಗಿಬಂದವರು ಯಾರಾದರೂ ಕನ್ನಡದಲ್ಲಿ ಒಂದು ಮಾತು ಹೇಳಿದ್ದರೆ ಎಂದು ನನಗೆ ತುಂಬ ಅನ್ನಿಸುತ್ತಿತ್ತು. ಈಗ ಅಲ್ಲಿ ಕುಳಿತಿರುವವರಿಗೆ ಇದು.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಮಂಡ್ಯದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮ ಯಜಮಾನರು ಐಟಿಐ ಮಾಡಿದ ಫಿಟ್ಟರು. ಅವರ ಅಣ್ಣ ಮೊದಲೇ ಇಲ್ಲಿದ್ದು ಕರೆಸಿಕೊಂಡಿದ್ದರಿಂದ ಮದುವೆಯಾದ ಹೊಸತರಲ್ಲೇ ಅಮೆರಿಕದ ಸ್ಯಾನ್ ಹೋಸೆಗೆ ಬಂದೆವು. ಅವರು ಫ್ರೀಮಾಂಟಿನಲ್ಲಿ ಕಾರ್ಖಾನೆ ಕೆಲಸಕ್ಕೆ ಹೋದರು. ನಾನು ಒಂದು ಶಾಲೆಯ ಕೆಫೆಟೀರಿಯಾದಲ್ಲಿ ಮಕ್ಕಳಿಗೆ ಊಟ ಬಡಿಸುತ್ತಲೇ ರಿಟೈರ್ ಆದೆ. ಬೆರ್ರಿಯೆಸಾದಲ್ಲಿ ಮನೆ. ರಘು ಒಬ್ಬನೇ ಮಗ.

ಅವನು ಹುಟ್ಟುವಾಗಲೇ ದೊಡ್ಡವನು. ಹೈಸ್ಕೂಲು ಸೇರಿದಾಗ ನಮ್ಮ ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಬೆಳೆದಿದ್ದ. ಅಲ್ಲಿಯ ಫುಟ್‌ಬಾಲ್ ಕೋಚು ಅವನನ್ನು ಕಂಡ ದಿನವೇ ಹಿಡಿದುಕೊಂಡರು. ಫುಟ್‌ಬಾಲ್ ಅಂದರೆ ನಮ್ಮ ಊರಿನ ಕಡೆ ಕಾಲಲ್ಲಿ ಒದೆಯುವ ಆಟವಲ್ಲ. ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಗುರಾಣಿಯಂಥ ಪ್ಯಾಡು ಕಟ್ಟಿಕೊಂಡು ಒಬ್ಬರನ್ನೊಬ್ಬರು ನೂಕಿ ಕೆಡವಿ ಮುಂದೆ ಹೋಗುವ ಅಮೆರಿಕದ ಆಟ. ಅದರಲ್ಲಿ ರಘು ಗಾರ್ಡು. ಚೆಂಡು ಎಸೆಯುವವನ ಮುಂದೆ ನಿಂತು, ಅವನ ಮೇಲೆ ನುಗ್ಗಿ ಬರುವವರನ್ನು ಎದೆ ಕೊಟ್ಟು ತಡೆಯುವುದು ಅವನ ಕೆಲಸ. ಚೆಂಡನ್ನು ಅವನು ಮುಟ್ಟುವ ಹಾಗೇ ಇಲ್ಲ. ಟೀವಿಯಲ್ಲಿ ಎಲ್ಲರ ಕಣ್ಣು ಚೆಂಡಿನ ಹಿಂದೆ ಹೋದರೆ ನಮ್ಮಿಬ್ಬರ ಕಣ್ಣು ಅವನ ಬೆನ್ನ ಮೇಲೆ. ಯಾರು ಗೆದ್ದರು ಎಂದು ಎಷ್ಟೋ ಸಲ ನಮಗೆ ಗೊತ್ತೇ ಆಗುತ್ತಿರಲಿಲ್ಲ.

ಕಾಲೇಜಿನಲ್ಲೂ ಆಡಿದ. ದೊಡ್ಡ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ ನಮ್ಮ ಮನೆಯ ಫೋನು ಮಾತ್ರ ರಿಂಗಾಗಲಿಲ್ಲ. ಹಾಗೆ ಉಳಿದವರನ್ನು ಆಮೇಲೆ ಕರೆದು ನೋಡುತ್ತಾರಂತೆ. ಕರೆದರು, ಕಳಿಸಿದರು. ಬೇರೆ ಊರಿನವರು ಕರೆದರು, ಅವರೂ ಕಳಿಸಿದರು. ಪ್ರತಿ ಸಲ ಬ್ಯಾಗು ಹೊತ್ತು ಮನೆಗೆ ಬಂದವನು ಉಂಡು ಮಲಗಿ ಮಾರನೆಯ ದಿನ ಮತ್ತೆ ಓಡಲು ಹೋಗುತ್ತಿದ್ದ. ಕೊನೆಗೆ ಒಂದು ತಂಡದಲ್ಲಿ ಉಳಿದುಕೊಂಡ. ಅಲ್ಲಿಂದ ಎಂಟು ವರ್ಷ, ಮೂರು ಊರು. ಮೊಣಕಾಲು ಎರಡು ಸಲ ಕೊಯ್ಯಿಸಿಕೊಂಡ ಮೇಲೆ ಬಿಟ್ಟು, ಓದಿದ ಹೈಸ್ಕೂಲಿಗೇ ವಾಪಸು ಬಂದು ಹುಡುಗರಿಗೆ ಅದೇ ಆಟ ಕಲಿಸತೊಡಗಿದ.

ತಲೆಗೆ ಪೆಟ್ಟು ಬಿದ್ದದ್ದನ್ನು ಅವನು ಲೆಕ್ಕಕ್ಕೇ ತೆಗೆದುಕೊಂಡವನಲ್ಲ. "ಸ್ವಲ್ಪ ತಲೆ ಜುಂ ಅಂತು ಅಷ್ಟೇ ಅಮ್ಮ, ಐ ಆಮ್ ಫೈನ್" ಅನ್ನುತ್ತಿದ್ದ. ಆಟ ಬಿಟ್ಟು ಕೆಲವು ವರ್ಷವಾದ ಮೇಲೆ ಅವನ ಸ್ವಭಾವ ಬದಲಾಗಲು ಶುರುವಾಯಿತು. ದಿನಾ ಓಡಾಡುವ ಫ್ರೀವೇಯಲ್ಲಿ ಇಳಿಯುವ ಜಾಗ ಮರೆತು ಎಲ್ಲೋ ಹೋಗಿಬಿಡುತ್ತಿದ್ದ. ಹೆಂಡತಿಯ ಮೇಲೆ ರೇಗುತ್ತಿದ್ದ. ಅವಳು ಆನಾ. ಟೋಂಗಾ ದ್ವೀಪದಿಂದ ಬಂದ ಮನೆತನದವಳು, ಕಾಲೇಜಿನಲ್ಲಿ ಅವನ ಜೊತೆ ಆಡುತ್ತಿದ್ದ ಹುಡುಗನ ತಂಗಿ. ಒಂದು ಭಾನುವಾರ ಅವಳು ನಮ್ಮ ಮನೆಗೆ ಒಬ್ಬಳೇ ಬಂದು, ಅಡಿಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಾ, "ಅಮ್ಮ, ಮನೆಯಲ್ಲಿ ಇರೋದು ನಾನು ಮದುವೆಯಾದ ರಘು ಅಲ್ಲ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಅದು ಈರುಳ್ಳಿಯ ಕಣ್ಣೀರಲ್ಲ ಎಂದು ನನಗೆ ಗೊತ್ತಾಯಿತು. ಚಾಕು ಇಸಿದುಕೊಂಡು ಉಳಿದದ್ದನ್ನು ನಾನೇ ಹೆಚ್ಚಿದೆ.

ಮೈಗೆ ಬಂದ ಕಾಯಿಲೆಯ ಮೊದಲ ಗುರುತು ಕಂಡದ್ದು ಊಟದ ತಟ್ಟೆಯಲ್ಲಿ. ನಮ್ಮ ಮನೆಯಲ್ಲಿ ಭಾನುವಾರ ರಾಗಿ ಮುದ್ದೆ, ಕೋಳಿ ಸಾರು. ರಘು ಕನ್ನಡದಲ್ಲಿ ಉತ್ತರ ಕೊಡುವುದು ಕಮ್ಮಿ, ಆದರೆ ಮುದ್ದೆ ಮುರಿದು ಬೆರಳಲ್ಲಿ ಉಂಡೆ ಮಾಡಿ ಸಾರಲ್ಲಿ ಹೊರಳಿಸಿ ನುಂಗುವುದರಲ್ಲಿ ಊರಿನವರನ್ನು ಮೀರಿಸುತ್ತಿದ್ದ. ಆವತ್ತು ಅವನು ಎದ್ದು ಹೋಗಿ ಸ್ಪೂನು ತಂದ.

"ಏನ್ಲಾ, ಮುದ್ದೇಗೆ ಸ್ಪೂನಾ? ಪೂರಾ ಅಮೇರಿಕದೋನಾಗ್ಬಿಟ್ಟಾ?" ಎಂದರು ನಮ್ಮ ಯಜಮಾನರು.

"ಸುಮ್ನೆ, ಅಪ್ಪ."

"ಟೀವೀಲಿ ಬಂದೋರ್ಗೆ ಕೈ ಗಲೀಜಾಗ್ಬಾರ್ದು ಅಂತ ಕಾಣ್ತದೆ. ನಾಳೆಯಿಂದ ಫೋರ್ಕು, ಚಾಕು ಎಲ್ಲಾನೂ ಮಡಗಮ್ಮಿ ನಿನ್ ಮಗನ್ಗೆ."

ನಾನೂ ನಕ್ಕೆ. ರಘುವೂ ನಕ್ಕ. ಆಮೇಲೆಯೂ ಎಷ್ಟೋ ವಾರ ಅವನು ಸ್ಪೂನಿನಲ್ಲೇ ಉಂಡ, ನಾವು ಛೇಡಿಸುತ್ತಲೇ ಇದ್ದೆವು. ಅವನ ಹೆಬ್ಬೆರಳಿನಲ್ಲಿ ಉಂಡೆ ಕಟ್ಟುವ ಶಕ್ತಿ ಉಳಿದಿಲ್ಲ ಎಂದು ನಮಗೆ ಹೊಳೆಯಲೇ ಇಲ್ಲ. ಅಷ್ಟು ದೊಡ್ಡ ಕೈಗೆ ಅಷ್ಟು ಮೆತ್ತನೆಯ ವಸ್ತು ಮುರಿಯಲಾಗುತ್ತಿಲ್ಲ ಎಂದು ಯಾರು ತಾನೇ ಯೋಚಿಸುತ್ತಾರೆ? ಮಗ ಠೀವಿ ಕಲಿತ ಎಂದುಕೊಂಡೆವು.

ಆಮೇಲೆ ಮಾತು ತೊದಲತೊಡಗಿತು. ಶಾಲೆಯಲ್ಲಿ ಕುಡಿದು ಬಂದಿದ್ದಾನೆ ಎಂದು ಗುಸುಗುಸು ಶುರುವಾಯಿತಂತೆ. ಆಗ ಆನಾ ಅವನ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅಲ್ಲಿಂದ ಇನ್ನೊಬ್ಬರು, ಅವರಿಂದ ಮತ್ತೊಬ್ಬರು, ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದ ನರರೋಗದ ಕ್ಲಿನಿಕ್ಕು.

ಅಲ್ಲಿಯ ಕಾಯುವ ಕೋಣೆಯನ್ನು ನಾನು ಮರೆಯಲಾರೆ. ಎಲ್ಲರೂ ಪಕ್ಕದವರ ಕಡೆ ಕಳ್ಳನೋಟ ಬೀರುವವರೇ. ಇವರಿಗೆ ಕೈ ಹೋಗಿದೆ, ನಮಗೆ ಇನ್ನೂ ಇದೆ. ಇವರಿಗೆ ಮಾತು ಇದೆ, ನಮ್ಮದು ಹೋಗುತ್ತಿದೆ. ಹೀಗೆ ಮನಸ್ಸು ತನ್ನಷ್ಟಕ್ಕೆ ತೂಗಿ ನೋಡುತ್ತಿರುತ್ತದೆ. ಇದು ನನ್ನೊಬ್ಬಳ ಕೆಟ್ಟ ಬುದ್ಧಿ ಎಂದುಕೊಂಡಿದ್ದೆ. ಅಲ್ಲ, ಅಲ್ಲಿ ಕುಳಿತ ಎಲ್ಲರದೂ ಅದೇ.

ನಮ್ಮ ಎದುರು ಗಾಲಿಕುರ್ಚಿಯಲ್ಲಿ ಬಸ್ ಡ್ರೈವರ್ ಆಗಿದ್ದ ಒಬ್ಬ ಮುದುಕರು ಇದ್ದರು. ಬಹಳ ಹೊತ್ತು ರಘುವನ್ನೇ ನೋಡಿ, "ನಿನ್ನ ಗುರುತು ಸಿಕ್ಕಿತು. ನಿನ್ನಿಂದ ನಾನು ಬಾಜಿ ಕಟ್ಟಿ ಸೋತಿದ್ದೇನೆ. ಕೊನೇ ಗಳಿಗೆಯಲ್ಲಿ ಆ ಹುಡುಗನ ಅಂಗಿ ಹಿಡಿದು ಎಳೆದೆಯಲ್ಲ, ನೀನೇ ತಾನೆ?" ಎಂದರು. ಎದುರಾಳಿಯ ಅಂಗಿ ಹಿಡಿದರೆ ಆ ಆಟದಲ್ಲಿ ತಪ್ಪು. ತೀರ್ಪುಗಾರರು ಹಳದಿ ಬಟ್ಟೆ ಎಸೆದು ತಂಡವನ್ನು ಹಿಂದಕ್ಕೆ ಕಳಿಸುತ್ತಾರೆ.

"ನಾನು ಹಿಡೀಲೇ ಇಲ್ಲ" ಎಂದ ರಘು, ತೊದಲುತ್ತಾ.

"ನನ್ನ ಕಣ್ಣಾರೆ ನೋಡಿದೆ. ಕೈ ತುಂಬ ಅಂಗಿ ಇತ್ತು."

"ಕನ್ನಡಕ ಬದಲಾಯಿಸಿ ಸರ್."

"ಎಲ್ಲಾ ಗಾರ್ಡುಗಳೂ ಸುಳ್ಳರು" ಎಂದು ಮುದುಕರು ನಗಲು ಹೋಗಿ ಕೆಮ್ಮಿದರು. ಅವರ ಮಗಳು ಎದ್ದು ಬಂದು ಬಾಯಿ ಒರೆಸಿದಳು. ರಘು ತಾನೂ ನಗುತ್ತಾ ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಆ ಕೋಣೆಯಲ್ಲಿ ಅವನನ್ನು ರೋಗಿ ಎಂದು ನೋಡದೆ ಜಗಳಕ್ಕೆ ಕರೆದವರು ಅವರೊಬ್ಬರೇ. ಅವರ ಋಣ ನನ್ನ ಮೇಲಿದೆ.

ಒಳಗೆ ಕರೆದು ಸೂಜಿ ಚುಚ್ಚಿ ಸ್ನಾಯುಗಳನ್ನೆಲ್ಲ ನೋಡಿದರು. ಡಾಕ್ಟರು ಹೆಣ್ಣುಮಗಳು, ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕುಳಿತರು. ಹಾಗೆ ಹತ್ತಿರ ಬಂದಾಗಲೇ ನನಗೆ ತಿಳಿದುಹೋಯಿತು. ಎಎಲ್‌ಎಸ್ ಎಂದರು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಔಷಧಿ ಇದೆ, ಗುಣವಾಗುವುದಿಲ್ಲ.

ಆನಾ ರಘುವಿನ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಂಡಿದ್ದಳು. ಆಮೇಲೆ ನಮ್ಮ ಯಜಮಾನರು ತಮ್ಮ ನಿಧಾನದ ಇಂಗ್ಲಿಷಿನಲ್ಲಿ, "ಆಟದಿಂದ ಬಂತಾ?" ಎಂದು ಕೇಳಿದರು.

ಡಾಕ್ಟರು ಸುಳ್ಳು ಹೇಳಲಿಲ್ಲ. "ಇರಬಹುದು. ಖಂಡಿತವಾಗಿ ಹೇಳಲಾರೆ. ಪದೇ ಪದೇ ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿಗೆ ಬರುವ ಬೇರೆ ಕಾಯಿಲೆಯೂ ಒಂದಿದೆ. ಅದು ಇವರಿಗೆ ಇದೆಯೋ ಇಲ್ಲವೋ ಬದುಕಿರುವಾಗ ನೋಡಿ ಹೇಳುವ ದಾರಿ ಇಲ್ಲ. ಹೋದ ಮೇಲೆ ಮಿದುಳನ್ನು ಪರೀಕ್ಷೆಗೆ ಕೊಟ್ಟರೆ ಮಾತ್ರ ತಿಳಿಯುತ್ತದೆ" ಎಂದರು.

ವಾಪಸು ಬರುವಾಗ ಸೌತ್ ಸ್ಯಾನ್ ಫ್ರಾನ್ಸಿಸ್ಕೋ ದಾಟಿದ ಮೇಲೆ ರಘು, "ಹಸಿವು. ಬರ್ಗರ್ ಬೇಕು" ಎಂದ. ಪಾರ್ಕಿಂಗಿನಲ್ಲೇ ಕಾರಲ್ಲಿ ಕುಳಿತು ತಿಂದೆವು. ಆನಾ ಸಣ್ಣ ಸಣ್ಣ ಚೂರು ಮಾಡಿ ಅವನ ಬಾಯಿಗೆ ಕೊಟ್ಟಳು. ಅವನು ಅಗಿದು ನುಂಗಿ, ನಮ್ಮ ಕಡೆ ತಿರುಗಿ ಹೇಳಿದ: "ನಾನು ಕೊಡ್ತೀನಿ. ಬ್ರೇನ್. ಐ ವಾಂಟ್ ದೆಮ್ ಟು ಲುಕ್. ನಾನು ಕೇಳಕ್ಕೆ ಇರಲ್ಲ, ನೀವು ಕೇಳಿ."

"ತೆಗಿ, ಅಂಥಾ ಮಾತು ಆಡ್ಬೇಡ" ಎಂದರು ಯಜಮಾನರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ನಡೆದದ್ದೆಲ್ಲ ಈ ಒಂದು ಮಾತಿನ ಸುತ್ತ. ಕಾನೂನಿನ ಪ್ರಕಾರ ಆನಾ ಹೂಂ ಅಂದರೆ ಸಾಕಿತ್ತು. ರಘು ಅದಕ್ಕೆ ಒಪ್ಪಲಿಲ್ಲ. ನಾಳೆ ನಮ್ಮ ಜನವೆಲ್ಲ ಸೇರಿ, ಬೇರೆ ಜಾತಿಯ ಹೆಂಗಸು ಹೀಗೆ ಮಾಡಿಸಿದಳು ಎಂದು ಅವಳ ತಲೆಗೆ ಕಟ್ಟುತ್ತಾರೆ ಎಂದು ಅವನಿಗೆ ಗೊತ್ತಿತ್ತು. "ಅಪ್ಪ ಯೆಸ್ ಅನ್ಬೇಕು" ಎಂದ. ಅಪ್ಪ ಅನ್ನಲಿಲ್ಲ.

"ಊನ ಮಾಡಿ ಕಳಿಸ್ಬಾರ್ದು ಕಣ್ಲಾ. ಪೂರ್ತಿ ದೇಹ ಬೆಂಕಿಗೆ ಹೋಗ್ಬೇಕು. ಇಲ್ದಿದ್ರೆ ಮುಂದಿನ ಜನ್ಮದಲ್ಲಿ ಊನವಾಗಿ ಹುಟ್ತಾರೆ."

"ಅಪ್ಪ, ನನ್ನ ಮೊಣಕಾಲಲ್ಲಿ ಸ್ಕ್ರೂ ಇದೆ. ಮುಂದಿನ ಜನ್ಮದಲ್ಲೂ ಏರ್‌ಪೋರ್ಟಲ್ಲಿ ನಿಲ್ಲಿಸ್ತಾರೆ ನನ್ನ."

ನಾವೆಲ್ಲ ನಕ್ಕೆವು. ಅವರು ಎದ್ದು ಹಿತ್ತಿಲಿಗೆ ಹೋದರು.

ಅಷ್ಟರಲ್ಲಿ ರಘು, ಆನಾ ನಮ್ಮ ಮನೆಗೇ ಬಂದು ಸೇರಿದ್ದರು. ಸುದ್ದಿ ಹರಡಿದ ಮೇಲೆ ನೋಡಲು ಬರುವವರು ಶುರುವಾದರು. ಮಾರ್ಗನ್ ಹಿಲ್ಲಿನಿಂದ ನಮ್ಮ ಓರಗಿತ್ತಿ ಶಾಂತಕ್ಕ ಬಂದರು. ಇವರ ಅಣ್ಣನ ಹೆಂಡತಿ. ಕಣ್ಣೊರೆಸಿಕೊಂಡು ಕಾಫಿ ಕುಡಿದು, "ನಾನು ಆವತ್ತೇ ಹೇಳಿದ್ದೆ. ಈ ಗೂಳಿ ಕಾಳಗ ನಮ್ಮಂಥೋರ್ಗೆ ಬೇಡ, ಟೆನ್ನಿಸ್ಸಿಗೆ ಹಾಕಿ ಅಂತ" ಎಂದರು.

ನಾನು ಸಾಮಾನ್ಯವಾಗಿ ಮಾತಿಗೆ ಮಾತು ಕೊಡುವವಳಲ್ಲ. ಆವತ್ತು ಬಂತು. "ಆವತ್ತು ನೀವು ಟಿಕೆಟ್ ಕೇಳಿದ್ರಿ ಶಾಂತಕ್ಕ. ಮುಂದಿನ ಸಾಲಿಂದೇ ಬೇಕು ಅಂದ್ರಿ. ಅವನ ನಂಬರಿನ ಅಂಗಿ ಹಾಕ್ಕೊಂಡು ಫೋಟೋ ತೆಗೆಸ್ಕೊಂಡ್ರಿ."

ಶಾಂತಕ್ಕ ಲೋಟ ಕೆಳಗಿಟ್ಟರು. ಒಳಗಿನ ಕೋಣೆಯಿಂದ ರಘುವಿನ ನಗು ಕೇಳಿಸಿತು. ಆ ನಗು ಮುಗಿಯಲು ಈಗ ಬಹಳ ಹೊತ್ತು ಹಿಡಿಯುತ್ತಿತ್ತು. ಶುರುವಾದರೆ ನಿಲ್ಲಿಸಲು ಅವನಿಗೇ ಆಗುತ್ತಿರಲಿಲ್ಲ, ಅದೂ ಕಾಯಿಲೆಯದೇ ಒಂದು ಭಾಗ. ಆದರೆ ಆವತ್ತಿನದು ನಿಜವಾದ ನಗು.

ನುಂಗುವುದು ಕಷ್ಟವಾದಾಗ ಒಂದು ಪರೀಕ್ಷೆ ಮಾಡಿದರು. ಬಿಳಿಯ ಪುಡಿ ಬೆರೆಸಿದ ಆಹಾರ ನುಂಗಿಸಿ, ಅದು ಗಂಟಲಲ್ಲಿ ಹೋಗುವ ದಾರಿಯನ್ನು ಎಕ್ಸ್‌ರೇಯಲ್ಲಿ ನೋಡುವುದು. ಮನೆಯಲ್ಲಿ ಅವರಿಗೆ ಇಷ್ಟವಾದದ್ದನ್ನೂ ತನ್ನಿ ಎಂದು ಪರೀಕ್ಷೆ ಮಾಡುವ ಥೆರಪಿಸ್ಟೇ ಹೇಳಿದ್ದರು. ಮುದ್ದೆಯನ್ನು ಎಂದಿಗಿಂತ ಮೆತ್ತಗೆ ತೊಳಸಿಕೊಂಡು ಡಬ್ಬಿಯಲ್ಲಿ ಒಯ್ದೆ. ಇದನ್ನು ಅಗಿಯುವುದಿಲ್ಲ, ಹಾಗೇ ನುಂಗುವುದು ಎಂದಾಗ ಆಕೆ ಹುಬ್ಬೇರಿಸಿ, "ಬೇಡ ಅನ್ನಬೇಕು ನಾನು. ಆದರೆ ನೋಡಿಯೇ ಬಿಡೋಣ" ಎಂದು ಕಡಲೆ ಗಾತ್ರದ ಚೂರಿಗೆ ಬಿಳಿ ಪುಡಿ ಹಚ್ಚಿದರು. ಪರದೆಯ ಮೇಲೆ, ಮೊದಲು ಕುಡಿಸಿದ ನೀರು ದಾರಿ ತಪ್ಪಿ ಉಸಿರಿನ ಕೊಳವೆಯ ಕಡೆ ಜಾರಿತ್ತು. ಮುದ್ದೆಯ ಚೂರು ಒಂದು ಕ್ಷಣ ತಡೆದು ನಿಂತು, ಆಮೇಲೆ ಸರಿಯಾದ ದಾರಿಯಲ್ಲೇ ಇಳಿಯಿತು. ಗದ್ದ ಬಗ್ಗಿಸಿ, ಸಾರನ್ನೂ ಗಟ್ಟಿ ಮಾಡಿ, ಒಬ್ಬರು ಪಕ್ಕದಲ್ಲೇ ಇದ್ದು ತಿನ್ನಿಸಬಹುದು ಎಂದರು. ಆ ಬೇಸಗೆ ಪೂರ್ತಿ ಅವನು ಅಮ್ಮನ ಅಡುಗೆ ಉಂಡ. ಮಳೆಗಾಲ ಬರುವಷ್ಟರಲ್ಲಿ ಅದೂ ಆಗದೆ ಹೊಟ್ಟೆಗೆ ಕೊಳವೆ ಹಾಕಿಸಿಕೊಂಡ. ಒಂದು ಬೇಸಗೆ ಸಿಕ್ಕಿತು. ನಿಮಗೂ ಸಿಕ್ಕರೆ ಬಿಡಬೇಡಿ, ಯಾರ ಭಯಕ್ಕೂ ಮುಂಚೆಯೇ ಬಾಯಿಯ ಊಟ ನಿಲ್ಲಿಸಬೇಡಿ. ಆದರೆ ಕೇಳಿ, ಪರೀಕ್ಷೆ ಮಾಡಿಸಿ, ಆಮೇಲೆ ತಿನ್ನಿಸಿ.

ಮಾತು ಪೂರ್ತಿ ಹೋದ ಮೇಲೆ ಅವನು ಕಣ್ಣಿನಲ್ಲಿ ಬರೆಯುತ್ತಿದ್ದ. ಪರದೆಯ ಮೇಲಿನ ಅಕ್ಷರಗಳನ್ನು ದಿಟ್ಟಿಸಿದರೆ ಯಂತ್ರ ಅದನ್ನು ಓದಿ ಹೇಳುತ್ತದೆ. ನಮ್ಮ ಯಜಮಾನರು ದಿನಾ ಬೆಳಗ್ಗೆ ಅವನಿಗೆ ಶೇವಿಂಗ್ ಮಾಡುತ್ತಿದ್ದರು. ಆ ಕೆಲಸವನ್ನು ನರ್ಸಿಗೆ ಬಿಟ್ಟುಕೊಡಲೇ ಇಲ್ಲ. ದಿನಾ ಆ ಹೊತ್ತಿನಲ್ಲೇ ಯಂತ್ರ ಕೇಳುತ್ತಿತ್ತು: "ಅಪ್ಪ, ಯೆಸ್?" ಇವರು, "ಅಲ್ಲಾಡ್ಬೇಡ, ಕುಯ್ದೋಗ್ತದೆ" ಎನ್ನುತ್ತಿದ್ದರು. ಅಲ್ಲಾಡಲು ಅವನಿಂದ ಎಲ್ಲಿ ಆಗುತ್ತಿತ್ತು!

ರಾತ್ರಿ ಮಾತ್ರ ಹಾಕುತ್ತಿದ್ದ ಉಸಿರಿನ ಮಾಸ್ಕು ಹಗಲಿಗೂ ಬಂದಾಗ ನನಗೆ ತಡೆಯಲಾಗಲಿಲ್ಲ. ಇವರು ಗರಾಜಿನಲ್ಲಿ ಯಾವುದೋ ಸ್ಪ್ಯಾನರು ಒರೆಸುತ್ತಾ ನಿಂತಿದ್ದರು. "ನಿಮಗೆ ಯಾವ ಜನ್ಮದ ಯೋಚನೆ? ಈ ಜನ್ಮದಲ್ಲಿ ಮಗ ಒಂದು ಮಾತು ಕೇಳ್ತಾವ್ನೆ" ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. "ಜನ್ಮದ ವಿಚಾರ ಅಲ್ಲ ಕಣಮ್ಮಿ."

"ಮತ್ತೇನು?"

"ಷಿಫ್ಟು ಮುಗಿಸ್ಕೊಂಡು ಬಂದು ಅವನ್ನ ಗ್ರೌಂಡಿಗೆ ಬಿಡ್ತಿದ್ದೋನು ನಾನು. ಒಂದಿನ ತಲೆನೋವು ಅಂದ. ಹೋಗ್ಲಾ, ಗಂಡಸಲ್ವಾ ಅಂದೆ. ಆ ರಿಪೋರ್ಟಲ್ಲಿ ಹೌದು ಅಂತ ಬಂದ್ರೆ?"

ನಲವತ್ತು ವರ್ಷ ಜೊತೆಗಿದ್ದೂ ಆ ಮಾತು ಅವರೊಳಗೆ ಇದೆ ಎಂದು ನನಗೆ ಗೊತ್ತಿರಲಿಲ್ಲ. ನಿಮ್ಮ ತಪ್ಪಲ್ಲ ಬಿಡಿ ಎಂದು ಹೇಳಬಹುದಿತ್ತು. ಎಲ್ಲರೂ ಹಾಗೆಯೇ ಹೇಳುತ್ತಾರೆ. ಅದು ಅವರ ಹತ್ತಿರ ನಡೆಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಹೌದು, ನೀವೇ ಬಿಟ್ಟಿದ್ದು. ಹೊಟ್ಟೆ ತುಂಬ ಹಾಕಿ ಕಳಿಸಿದ್ದು ನಾನು. ಆಡಿದ್ದು ಅವನು, ನಾವು ಬೇಡ ಅಂದಿದ್ರೂ ಗೋಡೆ ಹಾರಿ ಹೋಗ್ತಿದ್ದ. ಹೌದು ಅಂತಲೇ ಬರ್ಲಿ. ನಾವು ಮೂರು ಜನದಲ್ಲಿ ಅವನೊಬ್ನೇ ಹೆದರ್ದೆ ಕೇಳ್ತಿರೋನು. ಅವನು ಹೆದರ್ದೆ ಇರೋವಾಗ ನಿಮಗೇನು?"

ಅವರು ಸ್ಪ್ಯಾನರನ್ನು ಡಬ್ಬಿಗೆ ಹಾಕಿ, ಲೈಟು ಆರಿಸಿ ಒಳಗೆ ಹೋದರು. ನನ್ನನ್ನು ಅಲ್ಲೇ ಕತ್ತಲಲ್ಲಿ ನಿಲ್ಲಿಸಿ.

ಮಾರನೆಯ ಬೆಳಗ್ಗೆ ಶೇವಿಂಗ್ ಮಾಡುವಾಗ ನಾನು ಬಾಗಿಲ ಹತ್ತಿರ ಬಟ್ಟೆ ಮಡಚುತ್ತಿದ್ದೆ. ಯಂತ್ರ ಕೇಳುವ ಮುಂಚೆಯೇ ಇವರು, "ಆಯ್ತು ಕಣ್ಲಾ. ಕೊಡಾಣ" ಎಂದರು. "ಆದ್ರೆ ವಾಪಸ್ ಕಳಿಸ್ದಾಗ ನಿನ್ ತಲೆ ನಾನೇ ಬಾಚ್ತೀನಿ. ಬೇರೆ ಯಾರೂ ಮುಟ್ಟಂಗಿಲ್ಲ."

ರಘುವಿನ ಕಣ್ಣು ಪರದೆಯ ಮೇಲೆ ಬಹಳ ಹೊತ್ತು ಓಡಾಡಿತು. ಕೊನೆಗೆ ಯಂತ್ರ, "ಡಿಲೇ ಆಫ್ ಗೇಮ್, ಅಪ್ಪ" ಎಂದಿತು. ಆಟ ಶುರು ಮಾಡಲು ತಡ ಮಾಡಿದ ತಂಡಕ್ಕೆ ಹಾಕುವ ದಂಡ ಅದು. ಇವರು ಸೋಪು ಬಳಿದ ಕೈಯಲ್ಲೇ ಕಣ್ಣೊರೆಸಿಕೊಂಡು, ಉರಿ ಉರಿ ಎಂದು ನಲ್ಲಿಗೆ ಓಡಿದರು.

ಅವನು ಹೋದದ್ದು ಮನೆಯಲ್ಲೇ, ಒಂದು ಬೆಳಗ್ಗೆ, ಗಂಟಲಿಗೆ ತೂತು ಮಾಡಿಸಿ ಉಸಿರಾಟದ ಯಂತ್ರ ಹಾಕಿಸಿಕೊಳ್ಳುವುದಿಲ್ಲ ಎಂದು ತಾನೇ ತೀರ್ಮಾನ ಮಾಡಿದ ಪ್ರಕಾರ. ಆನಾ ಒಂದು ಪಕ್ಕ ಮಲಗಿದ್ದಳು, ನಾನು ಕಾಲು ಹಿಡಿದುಕೊಂಡಿದ್ದೆ. ಮಿದುಳನ್ನು ಪರೀಕ್ಷೆ ಮಾಡುವ ಸಂಸ್ಥೆಗೆ ಬೇಗ ತಿಳಿಸಬೇಕಿತ್ತು. ಫೋನಿನಲ್ಲಿ ಅವರು ಕೇಳಿದ್ದಕ್ಕೆ ಆನಾ ಹೂಂ ಅಂದಳು. ಆಮೇಲೆ ಇವರು ಅವಳ ಕೈಯಿಂದ ಫೋನು ತೆಗೆದುಕೊಂಡು, "ನಾನು ತಂದೆ. ನನ್ನದೂ ಯೆಸ್" ಎಂದರು. ಯಾರೂ ಅವರನ್ನು ಕೇಳಿರಲಿಲ್ಲ.

ದೇಹ ವಾಪಸು ಬಂದ ಮೇಲೆ ನೋಡಿದೆ. ಮುಖ ಹಾಗೇ ಇತ್ತು. ಇವರು ತಲೆಗೆ ಎಣ್ಣೆ ಹಚ್ಚಿ ಬಾಚಿ ಬೈತಲೆ ತೆಗೆದರು. ಆನಾಳ ಅಮ್ಮ, ಅಣ್ಣಂದಿರು, ಚರ್ಚಿನವರು ಬಂದು ಗಟ್ಟಿ ದನಿಯಲ್ಲಿ ಹಾಡಿದರು. ನಮ್ಮ ಕಡೆಯವರು ಅದನ್ನು ಕೇಳಿ ಮೊದಲು ಮುಖ ಮುಖ ನೋಡಿಕೊಂಡರೂ ಆಮೇಲೆ ಸುಮ್ಮನೆ ಕಣ್ಣು ಮುಚ್ಚಿ ಕುಳಿತರು. ಹಾಲು ತುಪ್ಪವೂ ಆಯಿತು, ತಿಥಿಯೂ ಆಯಿತು. ಊನದ ಮಾತು ಯಾರೋ ಎತ್ತಿದರು. ಇವರು, "ನಾನೇ ಕೊಟ್ಟಿದ್ದು. ಕೇಳೋದಿದ್ರೆ ನನ್ನ ಕೇಳಿ" ಎಂದರು.

ರಿಪೋರ್ಟಿಗೆ ತಿಂಗಳುಗಟ್ಟಲೆ ಕಾದೆವು. ಕಾಯಿಲೆ ಮುಗಿದ ಮೇಲೂ ಕಾಯುವುದು ಮುಗಿಯುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಕೊನೆಗೆ ವಿಡಿಯೋದಲ್ಲಿ ಡಾಕ್ಟರು ಹೇಳಿದರು. ಪೆಟ್ಟಿನ ಕಾಯಿಲೆ ಇತ್ತು, ಚೆನ್ನಾಗಿಯೇ ಬೇರು ಬಿಟ್ಟಿತ್ತು. ಎಎಲ್‌ಎಸ್‌ಗೂ ಅದಕ್ಕೂ ನಂಟು ಎಷ್ಟು ಎಂದು ಪ್ರಮಾಣ ಮಾಡಿ ಹೇಳಲಾಗದು, ಇನ್ನೂ ಹುಡುಕುತ್ತಿದ್ದೇವೆ ಎಂದರು. ಮರೆವು, ಸಿಟ್ಟು, ದಾರಿ ತಪ್ಪುವುದು ಇದ್ದವೇ ಎಂದು ಅವರೇ ಕೇಳಿದರು.

ಆನಾ ಬಾಯಿಗೆ ಕೈ ಅಡ್ಡ ಹಿಡಿದಳು. "ಹಾಗಾದರೆ ನನ್ನ ಮೇಲೆ ರೇಗಿದ್ದು ಅವನಲ್ಲ" ಎಂದಳು.

"ಅವರ ಮಿದುಳಿಗೆ ಬಹಳ ಪೆಟ್ಟಾಗಿತ್ತು" ಎಂದರು ಡಾಕ್ಟರು, ಮೆಲ್ಲಗೆ.

ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತಳು. ಅವನು ಸತ್ತ ದಿನ ಅವಳು ಹಾಗೆ ಅತ್ತಿರಲಿಲ್ಲ. ಗಂಡನನ್ನು ಆವತ್ತು ಯಾರೋ ಅವಳಿಗೆ ತಿರುಗಿ ತಂದುಕೊಟ್ಟ ಹಾಗಿತ್ತು. ಇವರು ಡಾಕ್ಟರಿಗೆ ಇನ್ನೊಂದು ಸಲ ಹೇಳಿ ಎಂದು ಕೇಳಿ, ಇನ್ನೊಂದು ಸಲ ಪೂರ್ತಿ ಕೇಳಿಸಿಕೊಂಡರು. ಎದ್ದು ಹೋಗಲಿಲ್ಲ.

ಆಮೇಲೆ ಎರಡು ಕಡೆಯಿಂದ ಕರೆ ಬಂತು. ಮೊದಲು ಕನ್ನಡದವರ ಒಂದು ಗುಂಪಿನಿಂದ, ಉಡುಪಿ ಕಡೆಯ ಹೆಣ್ಣುಮಗಳು, ಒಳ್ಳೆಯವರು. "ನೀವು ಬಂದು ಮಕ್ಕಳನ್ನು ಈ ಆಟಕ್ಕೆ ಕಳಿಸ್ಬೇಡಿ ಅಂತ ಪೇರೆಂಟ್ಸಿಗೆ ಹೇಳಿದ್ರೆ ಸಾಕು ಮಾರಾಯ್ರೆ" ಎಂದರು.

"ಹೇಳ್ತೀನಿ. ಅವನು ಎಷ್ಟು ಚೆನ್ನಾಗಿ ಆಡ್ತಿದ್ದ ಅಂತಾನೂ ಹೇಳ್ತೀನಿ."

"ಅದು ಬೇಡ ಅಲ್ವಾ? ಕನ್‌ಫ್ಯೂಸ್ ಆಗ್ತದೆ ಅವರಿಗೆ."

ನಾನು ಹೋಗಲಿಲ್ಲ. ಆಮೇಲೆ ಅವನು ಓದಿದ, ಕಲಿಸಿದ ಹೈಸ್ಕೂಲಿನಿಂದ ಪ್ರಿನ್ಸಿಪಾಲರು ಫೋನು ಮಾಡಿದರು. ರಘುವಿನ ನಂಬರಿನ ಅಂಗಿಯನ್ನು ಜಿಮ್ಮಿನ ಗೋಡೆಗೆ ಹಾಕುತ್ತೇವೆ, ತಾಯಿಯಾಗಿ ನಾಲ್ಕು ಮಾತು ಆಡಿ ಎಂದರು. ಸೀಸನ್ನು ಶುರುವಾಗುವ ಹೊತ್ತು, ಹುಡುಗರು, ಅವರ ತಂದೆತಾಯಿ ಎಲ್ಲ ಇರುತ್ತಾರೆ, ಒಳ್ಳೆಯ ನೆನಪುಗಳನ್ನಷ್ಟೇ ಹೇಳಿದರೆ ಚೆನ್ನಾಗಿರುತ್ತದೆ ಎಂದರು. ನಾನು ಬರುತ್ತೇನೆ ಎಂದಷ್ಟೇ ಹೇಳಿದೆ.

ಇವರಿಗೂ ಆನಾಗೂ ಏನು ಮಾತಾಡುತ್ತೇನೆಂದು ಹೇಳಿರಲಿಲ್ಲ. ಹೇಳಲು ನನಗೇ ಗೊತ್ತಿರಲಿಲ್ಲ. ಜಿಮ್ಮಿನ ತುಂಬ ಜನ. ಪ್ರಿನ್ಸಿಪಾಲರು ಮೈಕು ಕೊಟ್ಟರು. ನನ್ನ ಇಂಗ್ಲಿಷು ಕೆಫೆಟೀರಿಯಾದ ಇಂಗ್ಲಿಷು. ಇನ್ನೂ ಬೇಕಾ, ಸಾಲಿನಲ್ಲಿ ನಿಲ್ಲಿ, ನೂಕಬೇಡಿ. ಅದರಲ್ಲೇ ಶುರು ಮಾಡಿದೆ.

"ನನ್ನ ಮಗ ಈ ಆಟ ತುಂಬ ಚೆನ್ನಾಗಿ ಆಡುತ್ತಿದ್ದ. ಬೇಡ ಎಂದು ಕಳಿಸಿದರೂ ಮತ್ತೆ ಹೋಗುತ್ತಿದ್ದ. ಇನ್ನೊಬ್ಬರಿಗೆ ಬೀಳುವ ಪೆಟ್ಟನ್ನು ತಾನು ತಿನ್ನುವುದು ಅವನ ಕೆಲಸ. ಅವನಿಗೆ ಆ ಕೆಲಸ ಇಷ್ಟ."

ಎಲ್ಲರೂ ಚಪ್ಪಾಳೆ ತಟ್ಟಿದರು. ಹುಡುಗರು ನೆಲಕ್ಕೆ ಕಾಲು ಬಡಿದರು. ನಾನು ಸದ್ದು ನಿಲ್ಲುವ ತನಕ ಕಾದೆ.

"ಆ ಪೆಟ್ಟುಗಳು ಅವನ ತಲೆಯೊಳಗೆ ಉಳಿದಿದ್ದವು. ಡಾಕ್ಟರು ತೆಗೆದು ನೋಡಿದ್ದಾರೆ. ನೋಡಿ ಎಂದು ಅವನೇ ಹೇಳಿದ್ದ. ಅದರಿಂದ ಅವನು ದಾರಿ ಮರೆತ. ಹೆಂಡತಿಯ ಮೇಲೆ ರೇಗಿದ."

ಮುಂದಿನ ಸಾಲಿನಲ್ಲಿ ಒಬ್ಬ ತಾಯಿ ತನ್ನ ಮಗನ ಮಂಡಿಯ ಮೇಲೆ ಕೈ ಇಟ್ಟಳು. ಪ್ರಿನ್ಸಿಪಾಲರು ಸಣ್ಣಗೆ ನಗುತ್ತಾ, ಥ್ಯಾಂಕ್ಯೂ ಎನ್ನುತ್ತಾ ನನ್ನ ಪಕ್ಕಕ್ಕೆ ಬಂದು ಮೈಕಿಗೆ ಕೈ ಚಾಚಿದರು.

ಆಗ ಕೆಳಗೆ ಕುರ್ಚಿ ಕಿರ್ ಎಂದಿತು. ನಮ್ಮ ಯಜಮಾನರು ಎದ್ದು ನಿಂತಿದ್ದರು. ಇಂಗ್ಲಿಷು ಹುಡುಕುವಷ್ಟು ವ್ಯವಧಾನ ಅವರಿಗಿರಲಿಲ್ಲ.

"ಇನ್ನೂ ಮುಗ್ದಿಲ್ಲ" ಎಂದರು ಕನ್ನಡದಲ್ಲೇ, ಇಡೀ ಜಿಮ್ಮಿಗೆ ಕೇಳುವ ಹಾಗೆ. "ಕೈ ತೆಗೀರಿ. ಮಾತಾಡ್ಲಿ ಅವ್ಳು."

ಪ್ರಿನ್ಸಿಪಾಲರಿಗೆ ಕನ್ನಡ ಬರುವುದಿಲ್ಲ. ಆದರೂ ಚಾಚಿದ ಕೈ ಹಿಂದಕ್ಕೆ ಹೋಯಿತು. ಇವರು ಕುಳಿತುಕೊಳ್ಳಲಿಲ್ಲ, ನಿಂತೇ ಇದ್ದರು. ಆನಾಳೂ ಎದ್ದು ಅವರ ಪಕ್ಕದಲ್ಲಿ ನಿಂತಳು. ನಾನು ಮೈಕನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದಿನ ಮಾತು ಶುರು ಮಾಡಿದೆ.